ಕಾಳು ನೆನೆಸಿದ ನೀರು ಕಲಗಚ್ಚಿಗೆ

“ರಕ್ತ ಕಡಿಮೆ ಇದೆ, ರಾಗಿ ಜಾಸ್ತಿ ತಿನ್ನಿ” ಅಂದರು. ತಿಂದೆ. ಬೆಳಿಗ್ಗೆ ಹಾಲು ಹಾಕಿದ ರಾಗಿ ಗಂಜಿ. ಅದು ಮುಗಿದು ಐದು ನಿಮಿಷ ಆಗುವುದರೊಳಗೆ ಒಂದು ಲೋಟ ಗಟ್ಟಿ ಕಾಫಿ. ರಾತ್ರಿ ಮುದ್ದೆ, ಸೊಪ್ಪಿನ ಸಾರು. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಶುರು ಮಾಡಿದಾಗ ಹಿಮೋಗ್ಲೋಬಿನ್ 9.4 ಇತ್ತು. ನಾಲ್ಕು ತಿಂಗಳ ಮೇಲೆ ನೋಡಿದರೆ 9.3.

ನಾನು ತುಮಕೂರು ಕಡೆಯವಳು. ನಮ್ಮಲ್ಲಿ ರಾಗಿಯ ಮೇಲೆ ಅನುಮಾನ ಪಡುವುದು ಅಂದರೆ ಮನೆದೇವರ ಮೇಲೆ ಅನುಮಾನ ಪಟ್ಟ ಹಾಗೆ. ಹಾಗಾಗಿ ರಿಪೋರ್ಟೇ ತಪ್ಪಿರಬೇಕು ಅಂದುಕೊಂಡು ಇನ್ನೊಂದು ಕಡೆ ರಕ್ತ ಕೊಟ್ಟೆ. ಅಲ್ಲೂ ಅದೇ ಅಂಕಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನ ರಕ್ತ ಏರಿದ್ದು ಮಾತ್ರೆಯಿಂದ. ಹೊಟ್ಟೆ ಕೆಡುತ್ತದೆ ಅಂತ ಡ್ರಾಯರಿನಲ್ಲಿ ಇಟ್ಟು ಮರೆತಿದ್ದ ಕಬ್ಬಿಣದ ಮಾತ್ರೆಯನ್ನು ಡಾಕ್ಟರು ಬೈದ ಮೇಲೆ ನೆಟ್ಟಗೆ ನುಂಗಿದೆ. ಅಡುಗೆ ಬದಲಿಸಿ ರಕ್ತಹೀನತೆ ವಾಸಿ ಮಾಡಿಕೊಂಡೆ ಅಂತ ಯಾರಾದರೂ ಹೇಳಿದರೆ ನಾನು ಸುಲಭಕ್ಕೆ ನಂಬುವುದಿಲ್ಲ. ಆದರೆ ಮಾತ್ರೆ ನಿಲ್ಲಿಸಿದ ಮೇಲೆ ಅದು ಮತ್ತೆ ಇಳಿಯಬಾರದಲ್ವಾ? ಅಲ್ಲಿಂದ ಶುರುವಾಯಿತು ಈ ಕಾಳುಗಳ ಹಿಂದೆ ಬೀಳುವ ಕೆಲಸ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಆಹಾರ ಕೋಷ್ಟಕವೊಂದನ್ನು ಹೊರತಂದಿದೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, 4.6 ಮಿಲಿಗ್ರಾಂ ಕಬ್ಬಿಣ ಇದೆ. ಅಂಕಿ ಸರಿಯೇ. ಆದರೆ ಅದು ಕಾಳಿನೊಳಗೆ ಎಷ್ಟಿದೆ ಅಂತ ಹೇಳುತ್ತದೆ. ನಮ್ಮ ಕರುಳು ಅದರಲ್ಲಿ ಎಷ್ಟನ್ನು ಎಳೆದುಕೊಳ್ಳುತ್ತದೆ ಅನ್ನುವುದು ಬೇರೆ ಲೆಕ್ಕ. ನಾನು ನಾಲ್ಕು ತಿಂಗಳು ಮೊದಲಿನ ಲೆಕ್ಕವನ್ನೇ ನಂಬಿ ಕೂತಿದ್ದೆ.

ಬೀಜ ನಮ್ಮ ಊಟಕ್ಕಾಗಿ ಹುಟ್ಟಿದ್ದಲ್ಲ. ಅದರೊಳಗೆ ಒಂದು ಮರಿ ಗಿಡ ಮಲಗಿರುತ್ತದೆ. ತಾಯಿ ಗಿಡ ಅದಕ್ಕೆ ಬುತ್ತಿ ಕಟ್ಟಿ ಕಳಿಸಿರುತ್ತದೆ. ಬುತ್ತಿಯಲ್ಲಿ ರಂಜಕವೂ ಬೇಕು, ಅದೇ ಫಾಸ್ಫರಸ್. ಅದನ್ನು ಬೀಜ ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಈ ಫೈಟಿಕ್ ಆಮ್ಲದ ಒಂದೊಂದು ಅಣುವಿಗೂ ಆರು ಫಾಸ್ಫೇಟ್ ಕೊಂಡಿಗಳು. ಕಬ್ಬಿಣ, ಸತು, ಕ್ಯಾಲ್ಸಿಯಂ ಏನು ಸಿಕ್ಕಿದರೂ ಹಿಡಿದುಕೊಳ್ಳುತ್ತವೆ. ಆ ಹಿಡಿತ ಬಿಡಿಸಲು ಬೇಕಾದ ಫೈಟೇಸ್ ಅನ್ನುವ ಕಿಣ್ವ ನಮ್ಮ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೀಗೆ ಹಿಡಿಸಿಕೊಂಡ ಕಬ್ಬಿಣ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ.

ರಾಗಿಗೆ ಇನ್ನೊಂದು ಅಡ್ಡಗಾಲು ಇದೆ, ಟ್ಯಾನಿನ್. ಕೆಂಗಂದು ರಾಗಿಯ ಬಣ್ಣ ಇರುವ ಸಿಪ್ಪೆಯಲ್ಲೇ ಇದು ಹೆಚ್ಚು. ಅಜ್ಜಿಗೆ ಟ್ಯಾನಿನ್ ಅನ್ನುವ ಪದ ಗೊತ್ತಿರಲಿಲ್ಲ. ಒಗರು ಅಂದರೆ ಗೊತ್ತಿತ್ತು. ಅಡಿಕೆ ಬೇಯಿಸಿದ ಚೊಗರಿನಲ್ಲಿ, ಹುಣಸೆ ಬೀಜದ ಸಿಪ್ಪೆಯಲ್ಲಿ, ನನ್ನ ಗಟ್ಟಿ ಕಾಫಿಯಲ್ಲಿ ನಾಲಿಗೆ ಹಿಡಿಯುವುದು ಇದೇ ಜಾತಿಯ ವಸ್ತುಗಳು. ಕಾಫಿಗಿಂತಲೂ ಟೀ ಇನ್ನೂ ಕೆಟ್ಟದ್ದು. ನೋಡಿ, ನನ್ನ ಬೆಳಗಿನ ತಿಂಡಿ ಹೇಗಿತ್ತು: ರಾಗಿಯ ಫೈಟಿಕ್ ಆಮ್ಲ, ರಾಗಿಯ ಒಗರು, ಹಾಲಿನ ಕ್ಯಾಲ್ಸಿಯಂ, ಮೇಲೊಂದು ಲೋಟ ಕಾಫಿ. ನಾಲ್ಕೂ ಕಬ್ಬಿಣಕ್ಕೆ ಬಾಗಿಲು ಹಾಕುವವೇ.

ಹಾಗಾದರೆ ಅಜ್ಜಿಗೆ ಯಾಕೆ ಏನೂ ಆಗಲಿಲ್ಲ? ಜೀವಮಾನವೆಲ್ಲ ಮುದ್ದೆ ತಿಂದವಳು. ಈ ಪ್ರಶ್ನೆ ತಲೆಯಲ್ಲಿ ತುಂಬಾ ದಿನ ಕೊರೆಯಿತು. ಅವಳ ರಕ್ತವನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ ಅನ್ನುವುದು ಒಂದು ಉತ್ತರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತ್ತು. ಹಿಂದಿನವರೆಲ್ಲ ಗಟ್ಟಿಮುಟ್ಟು ಅಂತ ಹೇಳುವಾಗ ನಾನು ಈಗ ಸ್ವಲ್ಪ ತಡೆಯುತ್ತೇನೆ. ಆದರೆ ಇನ್ನೊಂದು ಉತ್ತರವೂ ಇತ್ತು. ಅಜ್ಜಿಯ ಮುದ್ದೆಯ ಪಕ್ಕ ವಾರಕ್ಕೊಂದು ಸಲ ನಾಟಿಕೋಳಿ ಸಾರು ಇರುತ್ತಿತ್ತು. ಮಾಂಸ ಜೊತೆಗಿದ್ದರೆ ಕಾಳಿನ ಕಬ್ಬಿಣವೂ ಚೆನ್ನಾಗಿ ಒಳಗೆ ಹೋಗುತ್ತದೆ. ನಾನು ಮಾಂಸ ಬಿಟ್ಟು ಆರು ವರ್ಷವಾಗಿತ್ತು. ಸಾರು ಬಿಟ್ಟು ಮುದ್ದೆ ಮಾತ್ರ ಇಟ್ಟುಕೊಂಡಿದ್ದೆ.

ಜೊತೆಗೆ ಅವಳ ನೀರಿನ ಕೆಲಸ. ಅವರೆಕಾಳಾಗಲಿ, ಅಲಸಂದೆಯಾಗಲಿ, ನಮ್ಮ ಕಡೆ ಹುಳ್ಳಿಕಾಳು ಅನ್ನುವ ಹುರುಳಿಯಾಗಲಿ, ರಾತ್ರಿ ನೆನೆಹಾಕಿದ ನೀರನ್ನು ಅವಳು ಯಾವತ್ತೂ ಒಲೆಯ ಮೇಲೆ ಇಡುತ್ತಿರಲಿಲ್ಲ. “ಮೊದ್ಲ ನೀರು ಕಾಳಿನ ಕೊಳೆ ಕಣವ್ವ, ಅದ್ಯಾಕೆ ಸಾರಿಗೆ? ಕಲಗಚ್ಚಿಗೆ ಉಯ್ಯಿ” ಅನ್ನುತ್ತಿದ್ದಳು. ಎಮ್ಮೆ ಅದನ್ನು ಕುಡಿಯುತ್ತಿತ್ತು. ಬೆಂಗಳೂರಿಗೆ ಬಂದ ಮೇಲೆ ನನ್ನ ಹತ್ತಿರ ಕುಕ್ಕರ್ ಇತ್ತು. ನಾಲ್ಕು ಸೀಟಿ ಜಾಸ್ತಿ ಕೂಗಿಸಿದರೆ ನೆನೆಸುವ ಗೋಜೇ ಇಲ್ಲ ಅಂದುಕೊಂಡೆ. ನೆನೆಸಿದ ದಿನವೂ “ಸತ್ವ ಹೋಗುತ್ತೆ” ಅಂತ ಅದೇ ನೀರಿನಲ್ಲಿ ಬೇಯಿಸುತ್ತಿದ್ದೆ.

ತಪ್ಪು ಎಲ್ಲಿ ಅಂದರೆ, ಬೆಂಕಿ ಎಲ್ಲವನ್ನೂ ಸರಿಮಾಡುತ್ತದೆ ಅಂದುಕೊಂಡಿದ್ದೆ. ಫೈಟಿಕ್ ಆಮ್ಲ ಬೆಂಕಿಗೆ ಅಷ್ಟಾಗಿ ಬಗ್ಗುವುದಿಲ್ಲ. ಕುಕ್ಕರಿನಲ್ಲಿ ಬೆಂದರೂ ಬಹುಪಾಲು ಹಾಗೇ ಉಳಿಯುತ್ತದೆ. ಅದನ್ನು ಒಡೆಯುವುದು ಬೀಜ ತಾನೇ ಎದ್ದಾಗ. ಮೊಳಕೆ ಬರುವ ಹೊತ್ತಿಗೆ ಮರಿ ಗಿಡಕ್ಕೆ ಬುತ್ತಿ ಬೇಕಲ್ಲ, ಆಗ ಬೀಜವೇ ಫೈಟೇಸ್ ಹೊರಗೆ ತೆಗೆದು ಗಂಟು ಬಿಚ್ಚುತ್ತದೆ. ಹುಳಿ ಬರಿಸಿದರೂ ಇದೇ ಆಗುತ್ತದೆ. ಇಡ್ಲಿ ಹಿಟ್ಟು, ಹುಳಿ ಅಂಬಲಿ ಎಲ್ಲ ಇದೇ ದಾರಿಯವು. ಪೂರ್ತಿ ಹೋಗುವುದಿಲ್ಲ, ಆದರೆ ಚೆನ್ನಾಗಿಯೇ ಇಳಿಯುತ್ತದೆ.

ಸರಿ, ರಾಗಿ ಮೊಳಕೆ ಕಟ್ಟೋಣ ಅಂತ ಹೊರಟೆ. ಮೊದಲ ಸಲ ಎರಡು ಕೆಜಿ. ಕೇರಿ, ಕಲ್ಲು ಆರಿಸಿ, ತೇಲಿದ ಜೊಳ್ಳು ತೆಗೆದು, ನಾಲ್ಕು ನೀರಿನಲ್ಲಿ ತೊಳೆದೆ. ಬೆಳಿಗ್ಗೆ ನೆನೆಹಾಕಿ ರಾತ್ರಿ ಬಸಿದೆ. ಹಳೆಯ ಪಂಚೆಯಲ್ಲಿ ಗಟ್ಟಿಯಾಗಿ ಗಂಟು ಕಟ್ಟಿ ಪಾತ್ರೆಯೊಳಗೆ ಇಟ್ಟು ಮುಚ್ಚಿದೆ. ಆಷಾಢದ ಮಳೆಗಾಲ ಅದು. ಮಾರನೇ ದಿನ ಸಂಜೆ ಬಿಚ್ಚಿದರೆ ಮುಗ್ಗಲು ವಾಸನೆ. ನಡುವಿನ ಕಾಳು ಲೋಳೆ ಲೋಳೆ. ಎರಡು ಕೆಜಿ ರಾಗಿ ಕಸಕ್ಕೆ ಹೋಯಿತು. ಎಸೆಯುವಾಗ ಅಜ್ಜಿ ನೋಡಿದ್ದರೆ ಅಂತ ಅಳುಕಿತು.

ಎರಡನೇ ಸಲ ಒಂದೇ ಕೆಜಿ ಮಾಡಿದೆ. ಹನ್ನೆರಡು ಗಂಟೆ ನೆನೆಸುವಾಗ ನಡುವೆ ಎರಡು ಸಲ ನೀರು ಬದಲಿಸಿದೆ. ಬಸಿದ ಮೇಲೆ ಒಂದು ಗಂಟೆ ಬಟ್ಟೆಯ ಮೇಲೆ ಹರಡಿದೆ. ನೀರು ತೊಟ್ಟಿಕ್ಕುವಷ್ಟು ಒದ್ದೆ ಇದ್ದಾಗ ಕಟ್ಟಿದ್ದೇ ಮೊದಲ ಸಲದ ತಪ್ಪು. ಗಂಟನ್ನು ಸಡಿಲವಾಗಿ ಕಟ್ಟಿ, ಬಿದಿರಿನ ಪುಟ್ಟಿಯಲ್ಲಿ ಗಾಳಿ ಆಡುವ ಹಾಗೆ ಇಟ್ಟೆ. ದಿನಕ್ಕೆ ಮೂರು ಸಲ ನೀರು ಚಿಮುಕಿಸಿ ಕೈಯಾಡಿಸಿದೆ. ಒಂದೂವರೆ ದಿನಕ್ಕೆ ಸಣ್ಣ ಬಿಳಿ ಬಾಲ ಬಂತು. ಎರಡು ದಿನಕ್ಕೆ ನಿಲ್ಲಿಸಿದೆ. ಬಿಸಿಲಿಗೆ ಹರಡಿ ಗಲಗಲ ಅನ್ನುವಷ್ಟು ಒಣಗಿಸಿ, ಅಂಗೈಯಲ್ಲಿ ಉಜ್ಜಿ ಒಣ ಮೊಳಕೆ ಉದುರಿಸಿ, ಕೇರಿ, ಸಣ್ಣ ಉರಿಯಲ್ಲಿ ಘಮ್ಮನ್ನುವಷ್ಟು ಹುರಿದೆ. ಹುರಿಯುವುದನ್ನು ಕೊನೆಗೇ ಮಾಡಬೇಕು. ಮೊದಲೇ ಹುರಿದರೆ ಬೀಜ ಸಾಯುತ್ತದೆ, ಮೊಳಕೆಯೂ ಇಲ್ಲ, ಫೈಟೇಸೂ ಇಲ್ಲ. ಅಂಗಡಿಯ ಪ್ಯಾಕೆಟ್ ಮೇಲೆ ಬರೀ “ಹುರಿದ ರಾಗಿ ಹಿಟ್ಟು” ಅಂತ ಇದ್ದರೆ ಅದು ಮೊಳಕೆ ಹಿಟ್ಟಿನ ಕೆಲಸ ಮಾಡುವುದಿಲ್ಲ.

ಮಿಲ್ಲಿಗೆ ತೆಗೆದುಕೊಂಡು ಹೋದಾಗ ಅಲ್ಲಿನವರು ಒಂದು ಮುಷ್ಟಿ ಮೂಸಿ ನೋಡಿ, “ಇದು ಮಾಲ್ಟಿಗಲ್ವಾ ಅಕ್ಕಾ? ಮುದ್ದೆಗೆ ಆಗಲ್ಲ ನೋಡಿ” ಅಂದರು. ನಾನು ಕೇಳಬೇಕಲ್ಲ. ಅವತ್ತು ರಾತ್ರಿಯೇ ಎಸರಿಟ್ಟು ಹಿಟ್ಟು ಹಾಕಿ ಕೋಲಿನಲ್ಲಿ ತೊಳಸಿದೆ. ಎಷ್ಟು ತೊಳಸಿದರೂ ಗಟ್ಟಿಯಾಗದು. ತಟ್ಟೆಗೆ ಹಾಕಿದರೆ ಗುಂಡಗೆ ನಿಲ್ಲಬೇಕಾದ ಮುದ್ದೆ ಸಗಣಿ ಸಾರಿಸಿದ ಹಾಗೆ ಹರಡಿಕೊಂಡಿತು. ಮಾವ ಬೆರಳಲ್ಲಿ ಮುಟ್ಟಿ, “ಇದನ್ನ ನುಂಗೋದಾ, ಕುಡಿಯೋದಾ?” ಅಂತ ಕೇಳಿದರು.

ಕಾರಣ ಅಮೈಲೇಸ್. ಮೊಳಕೆಯ ಜೊತೆ ಆ ಕಿಣ್ವವೂ ಏಳುತ್ತದೆ, ಪಿಷ್ಟವನ್ನು ತುಂಡು ಮಾಡಿ ಸಕ್ಕರೆಯ ಕಡೆಗೆ ತಿರುಗಿಸುತ್ತದೆ. ಮುದ್ದೆ ನಿಲ್ಲುವುದೇ ಪಿಷ್ಟದ ಬಲದ ಮೇಲೆ. ನನಗೆ ತಲೆನೋವಾದ ಈ ಗುಣವೇ ಮಕ್ಕಳ ಊಟಕ್ಕೆ ವರ. ಗಂಜಿ ತೆಳುವಾದರೆ ಅದೇ ಪುಟ್ಟ ಬಟ್ಟಲಿನಲ್ಲಿ ಜಾಸ್ತಿ ಹಿಟ್ಟು ಹಿಡಿಸಬಹುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ರಾಗಿ ಮಾಲ್ಟಿನ ಮೇಲೆ ಹಿಂದೆಯೇ ಸಾಕಷ್ಟು ಕೆಲಸ ಆಗಿದೆ. ಗಟ್ಟಿ ಗಂಜಿಗೆ ಒಂದು ಚಮಚ ಮೊಳಕೆ ಹಿಟ್ಟು ಕದಡಿದರೆ ನಿಮ್ಮ ಕಣ್ಣೆದುರೇ ಅದು ಇಳಿಯುವುದನ್ನು ನೋಡಬಹುದು. ಹಿಟ್ಟು ಜೋರಾಗಿ ಹುರಿದಿರಬಾರದು, ಗಂಜಿ ಕುದಿಯುತ್ತಿರಬಾರದು, ಅಷ್ಟೇ.

ಮಾವನಿಗೆ ಸಕ್ಕರೆ ಕಾಯಿಲೆ ಇದೆ. ಅವರಿಗೆ ಮೊಳಕೆ ರಾಗಿಯ ಮಾಲ್ಟ್ ಕೊಡುವುದಿಲ್ಲ. ಪಿಷ್ಟ ಆಗಲೇ ಒಂದಷ್ಟು ಕರಗಿರುತ್ತದೆ, ರಕ್ತಕ್ಕೆ ಬೇಗ ಹೋಗುತ್ತದೆ. ನನ್ನ ಕಬ್ಬಿಣಕ್ಕೆ ಅಡ್ಡ ಬರುವ ಆ ಒಗರೇ ಅವರ ಮುದ್ದೆಯಲ್ಲಿ ಪಿಷ್ಟ ಜೀರ್ಣವಾಗುವುದನ್ನು ನಿಧಾನ ಮಾಡಿ ಉಪಕಾರ ಮಾಡುತ್ತದೆ. ಒಂದೇ ಮನೆ, ಒಂದೇ ರಾಗಿ, ಎರಡು ಡಬ್ಬಿ. ಇಂಥ ವಸ್ತುಗಳಿಗೆಲ್ಲ ಕೊಟ್ಟಿರುವ “ಆಂಟಿ ನ್ಯೂಟ್ರಿಯಂಟ್”, ಅಂದರೆ ಪೋಷಕಾಂಶಕ್ಕೆ ಅಡ್ಡ ಬರುವುದು ಅನ್ನುವ ಹೆಸರು ನನಗೆ ಅಷ್ಟಾಗಿ ಹಿಡಿಸದೇ ಇರುವುದು ಇದಕ್ಕೇ. ಯಾರ ಹೊಟ್ಟೆ ಅಂತ ನೋಡದೆ ಕೊಟ್ಟ ಹೆಸರು ಅದು.

ಒಗರು ಕಡಿಮೆ ಇರುವ ಬಿಳಿ ರಾಗಿಯೂ ಇದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ ಬಂದ ಕೆಎಂಆರ್ 340 ಅನ್ನುವ ತಳಿ ಅಂಥದ್ದು. ಒಮ್ಮೆ ಸಿಕ್ಕಿತ್ತು, ತಂದೆ. ರೊಟ್ಟಿ ಚೆನ್ನಾಗಿ ಬಂತು. ಮುದ್ದೆ ಮಾತ್ರ ಬೆಳ್ಳಗೆ ಅಕ್ಕಿ ಹಿಟ್ಟಿನದರ ಹಾಗೆ ಕಂಡು ಮನೆಯಲ್ಲಿ ಯಾರಿಗೂ ಮನಸ್ಸಾಗಲಿಲ್ಲ.

ಮೊಳಕೆಯಲ್ಲಿ ಗೆದ್ದೆ ಅನ್ನುವ ಸೊಕ್ಕು ಬಂತು ನೋಡಿ, ಆಗ ಆಯಿತು ರಾಜ್ಮಾ ಪ್ರಕರಣ. ಹೆಸರುಕಾಳಿನ ಮೊಳಕೆ ಕೋಸಂಬರಿ ಮಾಡುತ್ತೇವೆ, ಕಡಲೆಕಾಳಿನದ್ದೂ ಮಾಡುತ್ತೇವೆ. ಹಾಗಾದರೆ ರಾಜ್ಮಾ ಯಾಕಾಗಬಾರದು? ನೆನೆಸಿ, ಎರಡು ದಿನ ಕಟ್ಟಿ, ಮೊಳಕೆ ಬರಿಸಿ, ಸೌತೆಕಾಯಿ, ಕ್ಯಾರೆಟ್, ನಿಂಬೆರಸ ಎಲ್ಲ ಹಾಕಿ ಒಂದು ಬಟ್ಟಲು ತಿಂದೆ. ಕಾಳು ಸ್ವಲ್ಪ ಗಟ್ಟಿ ಇತ್ತು, ಚೆನ್ನಾಗಿ ಅಗಿದೆ. ತಿಂದು ಎರಡು ಗಂಟೆ ಆಗುವಷ್ಟರಲ್ಲಿ ವಾಂತಿ ಶುರು. ಆಮೇಲೆ ಭೇದಿ. ಬಚ್ಚಲಿನ ಗೋಡೆ ಹಿಡಿದು ಕೂತಿದ್ದೆ. ರಾತ್ರಿ ಹೊತ್ತಿಗೆ ತಾನಾಗಿಯೇ ನಿಂತಿತು. ಪುಣ್ಯಕ್ಕೆ ಮಗಳು ಆ ಕೋಸಂಬರಿ ಮುಟ್ಟಿರಲಿಲ್ಲ.

ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ಪ್ರೋಟೀನ್ ತುಂಬಾ ಇರುತ್ತದೆ. ಕರುಳಿನ ಗೋಡೆಗೆ ಅಂಟಿಕೊಂಡು ಕೆಣಕುವುದು ಅದರ ಕೆಲಸ. ನಾಲ್ಕೈದು ಹಸಿ ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿಯಾಗಬಹುದು. ಮೊಳಕೆ ಬರಿಸಿದರೆ ಇದು ಸಾಕಷ್ಟು ಹೋಗುವುದಿಲ್ಲ. ಇದಕ್ಕೆ ಬೇಕಾದ್ದು ಬೆಂಕಿ, ಅದೂ ಕುದಿಯುವ ಬೆಂಕಿ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಡೇಪಕ್ಷ ಹತ್ತು ನಿಮಿಷ ಕುದಿಸಬೇಕು. ಅದು ಲೆಕ್ಟಿನ್ ಸಾಯಲು ಬೇಕಾದ ಹೊತ್ತು. ಕಾಳು ಬೇಯಲು ಇನ್ನೂ ಜಾಸ್ತಿ ಹೊತ್ತು ಬೇಕೇ ಬೇಕು. ಲೆಕ್ಟಿನ್ ಸಾಯಿಸುವುದು ನಮ್ಮ ಕುಕ್ಕರ್‌ಗೆ ದೊಡ್ಡ ಕೆಲಸವಲ್ಲ. ಅಪಾಯ ಇರುವುದು ನಿಧಾನವಾಗಿ ಬೇಯಿಸುವ ಎಲೆಕ್ಟ್ರಿಕ್ ಪಾತ್ರೆಗಳಲ್ಲಿ. ನೀರು 80 ಡಿಗ್ರಿ ಹತ್ತಿರ ಬಿಸಿಯಾಗಿ ಕುದಿಯದೇ ನಿಂತರೆ ಕಾಳು ಮೆತ್ತಗಾಗುತ್ತದೆ, ಲೆಕ್ಟಿನ್ ಸಾಯುವುದಿಲ್ಲ. ಅಂಥ ಕಾಳು ಹಸಿಯದಕ್ಕಿಂತ ಕೆಟ್ಟದ್ದೂ ಆಗಬಹುದು. ಅಮೆರಿಕದಲ್ಲಿರುವ ನನ್ನ ತಂಗಿಯ ಹತ್ತಿರ ಅಂಥದ್ದೊಂದು ಇದೆ. ಅವತ್ತೇ ಫೋನ್ ಮಾಡಿ ಹೇಳಿದೆ.

ಆ ರಾತ್ರಿ ಮಲಗಿಕೊಂಡು ಯೋಚಿಸಿದೆ. ಅಜ್ಜಿಯ ಲೆಕ್ಕದಲ್ಲಿ ಯಾವ ಕಾಳು ಹಸಿ ತಿನ್ನಬಹುದು, ಯಾವುದು ಬೇಡ ಅನ್ನುವುದು ಇತ್ತು. ಕೋಸಂಬರಿಗೆ ಹೆಸರುಬೇಳೆ, ಕಡಲೆಬೇಳೆ. ಅವರೆಕಾಳಿನ ಹಸಿ ಕೋಸಂಬರಿ ಯಾರಾದರೂ ಕೇಳಿದ್ದೀರಾ? ಹಲಸಿನ ಬೀಜವನ್ನು ಕೆಂಡದಲ್ಲಿ ಸುಡುತ್ತಿದ್ದಳು, ಇಲ್ಲ ಬೇಯಿಸುತ್ತಿದ್ದಳು. ಅದರಲ್ಲೂ ಲೆಕ್ಟಿನ್ ಇದೆ, ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಟ್ರಿಪ್ಸಿನ್ ತಡೆಕಾರಕವೂ ಇದೆ. ಎರಡೂ ಬೆಂಕಿಗೆ ಹೆದರುವವು. ಹುಣಸೆ ಬೀಜ ಹುರಿದು ಸಿಪ್ಪೆ ಕಿತ್ತೇ ಕೊಡುತ್ತಿದ್ದಳು. ಸಿಪ್ಪೆ ಸಮೇತ ತಿಂದರೆ ಹೊಟ್ಟೆ ಕಟ್ಟಿಕೊಳ್ಳುತ್ತದೆ ಅಂತ ಸ್ಕೂಲಿಗೆ ಹೋಗುವ ಎಲ್ಲ ಮಕ್ಕಳಿಗೂ ಗೊತ್ತಿತ್ತು. ಆದರೆ ಅವಳ ಅಡುಗೆಮನೆಗೆ ರಾಜ್ಮಾ ಬಂದೇ ಇರಲಿಲ್ಲ. ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದ ಕಾಳು ಅದು. ಅದಕ್ಕೆ ನಮ್ಮ ಮನೆಯಲ್ಲಿ ನಿಯಮವೇ ಇರಲಿಲ್ಲ. ನಾನು ಹೆಸರುಕಾಳಿನ ನಿಯಮವನ್ನು ಸುಮ್ನೆ ಅದಕ್ಕೆ ಹಚ್ಚಿದೆ.

ಈಗ ಕಾಳಿನ ಡಬ್ಬಿ ತೆಗೆಯುವಾಗ ಮೊದಲು ಕೇಳಿಕೊಳ್ಳುವುದು ಇದೇ: ಇದಕ್ಕೆ ಬೇಕಾದ್ದು ನೀರಾ, ಮೊಳಕೆಯಾ, ಬೆಂಕಿಯಾ?

ಹುರುಳಿಗೆ ಮೂರೂ ಬೇಕು. ಗಟ್ಟಿ ಕಾಳು, ಒಗರೂ ಇದೆ, ಗ್ಯಾಸಿನ ಕಾಟವೂ ಇದೆ. ಗ್ಯಾಸಿಗೆ ಕಾರಣ ರಾಫಿನೋಸ್ ಜಾತಿಯ ಸಕ್ಕರೆಗಳು. ನಾವು ಜೀರ್ಣಿಸಲಾಗದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂದು ಗಾಳಿ ಬಿಡುತ್ತವೆ, ಅಷ್ಟೇ. ಈ ಸಕ್ಕರೆಗಳು ನೀರಿಗೆ ಇಳಿಯುತ್ತವೆ, ಮೊಳಕೆಯಲ್ಲಿ ಖರ್ಚಾಗುತ್ತವೆ. ಹಾಗಾಗಿ ನೆನೆಸಿದ ನೀರು ಚೆಲ್ಲುತ್ತೇನೆ, ಒಂದು ದಿನ ಮೊಳಕೆ ಕಟ್ಟುತ್ತೇನೆ, ಆಮೇಲೆ ಕುಕ್ಕರ್. ಬೇಯಿಸಿದ ಕಟ್ಟನ್ನು ಮಾತ್ರ ಚೆಲ್ಲುವುದಿಲ್ಲ. ಅದನ್ನೂ ಚೆಲ್ಲಿದರೆ ಇನ್ನಷ್ಟು ಶುದ್ಧ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಬಿ ವಿಟಮಿನ್ನೂ ಹೋಗುತ್ತದೆ, ರುಚಿಯೂ ಹೋಗುತ್ತದೆ. ಕಟ್ಟಿಲ್ಲದೆ ಹುಳ್ಳಿ ಬಸ್ಸಾರು ಮಾಡುವುದು ಹೇಗೆ? ಅಷ್ಟು ದೂರ ನಾನು ಹೋಗುವವಳಲ್ಲ.

ಅವರೆಕಾಳಿನ ಕಾಲದಲ್ಲಿ ಹಿತಕಿದಬೇಳೆ. ನೆನೆಸಿ ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿಸುಕಿ ಸಿಪ್ಪೆಯಿಂದ ಹಾರಿಸುವ ಕೆಲಸ. ರುಚಿಗೆ ಅಂತಲೇ ಎಲ್ಲರೂ ಮಾಡುವುದು. ಸಿಪ್ಪೆಯ ಜೊತೆ ಒಗರೂ ಹೋಗುತ್ತದೆ ಅನ್ನುವುದು ಪುಕ್ಕಟೆ ಲಾಭ. ಎಳ್ಳಿನದ್ದೂ ಹೀಗೆಯೇ. ಸಿಪ್ಪೆ ಇರುವ ಎಳ್ಳಿನಲ್ಲಿ ಕ್ಯಾಲ್ಸಿಯಂ ಬೆಟ್ಟದಷ್ಟಿದೆ ಅಂತ ಓದಿರುತ್ತೀರಿ. ಅದರಲ್ಲಿ ಹೆಚ್ಚಿನದ್ದು ಸಿಪ್ಪೆಯಲ್ಲಿ ಆಕ್ಸಲೇಟ್ ಅನ್ನುವ ವಸ್ತುವಿನ ಜೊತೆ ಕಟ್ಟಿಕೊಂಡಿರುತ್ತದೆ, ನಮಗೆ ಅಷ್ಟಾಗಿ ದಕ್ಕುವುದಿಲ್ಲ.

ಅಗಸೆ ಬೀಜದ ಪಾಠ ಹೇಳಿದ್ದು ಧಾರವಾಡದ ಕಡೆಯ ಪಕ್ಕದ ಮನೆಯವರು. ನಾನು ದಿನಾ ಎರಡು ಚಮಚ ಹಸಿ ಅಗಸೆ ಪುಡಿ ಮೊಸರಿಗೆ ಕದಡುವುದನ್ನು ನೋಡಿ, “ಹಸೀ ಅಗಸಿ ಯಾಕ ತಿಂತೀರಿ? ಹುರದು, ಬಳ್ಳೊಳ್ಳಿ ಹಾಕಿ ಹಿಂಡಿ ಮಾಡ್ರಿ. ರೊಟ್ಟಿಗೆ ಹಚ್ಕೊಂಡು ತಿನ್ರಿ” ಅಂದರು. ಹಸಿ ಅಗಸೆಯಲ್ಲಿ ಸ್ವಲ್ಪ ಸಯನೈಡ್ ಬಿಡುವ ವಸ್ತುಗಳಿವೆ. ಒಂದೆರಡು ಚಮಚಕ್ಕೆ ಏನೂ ಆಗುವುದಿಲ್ಲ, ದೇಹವೇ ಅದನ್ನು ನಿಭಾಯಿಸುತ್ತದೆ. ಆದರೂ ಹುರಿದರೆ ಕಡಿಮೆಯಾಗುತ್ತದೆ. ನಿಜ ಹೇಳಬೇಕೆಂದರೆ ನಾನು ಬದಲಾಗಿದ್ದು ಸಯನೈಡಿಗೆ ಹೆದರಿ ಅಲ್ಲ. ಅವರು ಕೊಟ್ಟ ಹಿಂಡಿ ಅಷ್ಟು ಚೆನ್ನಾಗಿತ್ತು.

ಅಂಬಲಿಯಲ್ಲೂ ಒಂದು ಸಣ್ಣ ಬದಲಾವಣೆ ಮಾಡಿಕೊಂಡೆ. ಮೊದಲು ಗಂಜಿ ಕಾಯಿಸಿ, ಆರಿಸಿ, ಹುಳಿ ಬರಲು ಇಡುತ್ತಿದ್ದೆ. ಕುದಿಸಿದ ಮೇಲೆ ಹಿಟ್ಟಿನ ಫೈಟೇಸ್ ಸತ್ತಿರುತ್ತದಲ್ಲ. ಈಗ ರಾತ್ರಿಯೇ ಹಸಿ ಹಿಟ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಚಮಚ ಹುಳಿ ಮಜ್ಜಿಗೆ ಸೇರಿಸಿ ಕದಡಿಡುತ್ತೇನೆ. ಸ್ವಲ್ಪ ಹುಳಿ, ಸ್ವಲ್ಪ ಬಿಸುಪು ಇದ್ದರೆ ಆ ಕಿಣ್ವ ಚುರುಕಾಗುತ್ತದೆ. ಬೆಳಿಗ್ಗೆ ಕುದಿಸಿ, ಆರಿದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ.

ಇನ್ನು ಕಾಫಿ. ಬಿಟ್ಟೆ ಅಂತ ಸುಳ್ಳು ಹೇಳುವುದಿಲ್ಲ. ಎದ್ದ ಕೂಡಲೇ ಒಂದು ಲೋಟ, ಅದಾಗಿ ಒಂದೂವರೆ ಗಂಟೆಗೆ ತಿಂಡಿ. ಊಟದ ಜೊತೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಏನಾದರೂ ಹುಳಿ ಹಿಂಡಿಕೊಳ್ಳುತ್ತೇನೆ. ವಿಟಮಿನ್ ಸಿ ಇದ್ದರೆ ಫೈಟಿಕ್ ಆಮ್ಲದ ಹಿಡಿತ ಮೀರಿ ಒಂದಷ್ಟು ಕಬ್ಬಿಣ ಒಳಗೆ ಹೋಗುತ್ತದೆ. ಕಾಯಿಸಿದರೆ ಅದು ಹಾಳಾಗುತ್ತದೆ, ಅದಕ್ಕೆ ಒಲೆಯಿಂದ ಇಳಿಸಿದ ಮೇಲೆಯೇ ಹಿಂಡುವುದು. ಮೊಳಕೆ ಹೆಸರುಕಾಳನ್ನೂ ಈಗ ಎರಡು ನಿಮಿಷ ಹಬೆಯಲ್ಲಿ ಇಡುತ್ತೇನೆ. ಅದಕ್ಕೆ ಲೆಕ್ಟಿನ್ ಕಾರಣವಲ್ಲ. ಬೆಚ್ಚಗೆ ಒದ್ದೆಯಾಗಿ ಎರಡು ದಿನ ಇದ್ದ ಬಟ್ಟೆಯಲ್ಲಿ ಮೊಳಕೆಯೊಂದೇ ಅಲ್ಲ, ಬ್ಯಾಕ್ಟೀರಿಯಾವೂ ಬೆಳೆಯುತ್ತದಲ್ಲ.

ಮಾತ್ರೆಯ ಕೋರ್ಸ್ ಮುಗಿದಾಗ ಹಿಮೋಗ್ಲೋಬಿನ್ 12.1 ಇತ್ತು. ಒಂದು ವರ್ಷದ ಮೇಲೆ, ಮಾತ್ರೆ ಇಲ್ಲದೆ, 12. ಇದರಲ್ಲಿ ರಾಗಿ ಮೊಳಕೆಯ ಪಾಲೆಷ್ಟು, ಕಾಫಿ ದೂರ ಇಟ್ಟದ್ದರ ಪಾಲೆಷ್ಟು, ನಿಂಬೆಹಣ್ಣಿನದ್ದೆಷ್ಟು ಅಂತ ಬಿಡಿಸಿ ಹೇಳಲು ನನ್ನಿಂದ ಆಗದು. ನಾನು ಒಬ್ಬಳೇ, ಎಲ್ಲ ಬದಲಾವಣೆಗಳನ್ನೂ ಒಟ್ಟಿಗೇ ಮಾಡಿದೆ.

ಫ್ಲಾಟಿನಲ್ಲಿ ಎಮ್ಮೆ ಇಲ್ಲ. ಕಾಳು ನೆನೆಸಿದ ನೀರು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಹೋಗುತ್ತದೆ. ಕಳೆದ ವಾರ ಟೆರೇಸಿನ ಮೇಲೆ ಮೊಳಕೆ ರಾಗಿ ಒಣಹಾಕಿ ಬಂದು ಕುಂಡಕ್ಕೆ ಹುರುಳಿ ನೀರು ಸುರಿಯುತ್ತಿದ್ದೆ. ಮೇಲಿನಿಂದ ಮಾವನ ಕೂಗು: “ಬೇಗ ಬಾರಮ್ಮಾ, ನಿನ್ ರಾಗಿಗೆ ಪಾರಿವಾಳ ಮುತ್ಕೊಂಡವೆ!”